ಪುದುಚೇರಿಯ ಆವಿಗೆಯಿಂದ ಹೊರಟವರು

ಆವಿಗೆಯ ಬಾಗಿಲಲ್ಲಿ ಸಡಿಲವಾಗಿ ಇಟ್ಟ ಒಂದು ಇಟ್ಟಿಗೆ. ಅದನ್ನು ಸರಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಇಣುಕಿದರೆ, ಕಣ್ಣು ಕೋರೈಸುವ ಬೆಳಕಿನ ನಡುವೆ ಬೆರಳುದ್ದದ ಮೂರು ಕೋನ್‌ಗಳು ನಿಂತಿರುತ್ತವೆ. ಒಂದೊಂದೂ ಒಂದೊಂದು ಶಾಖಕ್ಕೆ ಮೆತ್ತಗಾಗಿ ಬಾಗುವಂತೆ ಖನಿಜಗಳನ್ನು ಬೆರೆಸಿ ಮಾಡಿದವು. ಮೊದಲನೆಯದು ಬಾಗಿದರೆ ಹದ ಹತ್ತಿರವಾಯಿತು ಎಂದರ್ಥ. ನಡುವಿನದು ತಲೆ ತಗ್ಗಿಸುವ ಹೊತ್ತಿಗೆ ಒಳಗೆ ಸುಮಾರು 1300 ಡಿಗ್ರಿ ಸೆಲ್ಸಿಯಸ್. ಶಾಖ ಅಳೆಯುವ ಯಂತ್ರ ಪಕ್ಕದಲ್ಲೇ ಇದ್ದರೂ ಕಲಾವಿದರು ಕೋನನ್ನು ನೋಡದೆ ಬೆಂಕಿ ನಿಲ್ಲಿಸುವುದಿಲ್ಲ. ಶಾಖ ಎಷ್ಟೇರಿತು ಎನ್ನುವುದರ ಜೊತೆಗೆ ಅದು ಎಷ್ಟು ಹೊತ್ತು ತಾಗಿತು ಎನ್ನುವುದನ್ನೂ ಕೋನ್ ಹೇಳುತ್ತದೆ.

ಭಾರತದ ಇಂದಿನ ಸೆರಾಮಿಕ್ ಕಲಾವಿದರಲ್ಲಿ ಹಲವರು ಹೀಗೆ ಇಣುಕಿ ನೋಡಲು ಕಲಿತದ್ದು ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿಯಲ್ಲಿ.

ಅಮೆರಿಕದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಅದನ್ನು ಕಟ್ಟಿದ್ದು 1971ರಲ್ಲಿ. ಡೆಬೊರಾ ಜಪಾನಿ ಭಾಷೆ ಓದಿ, ಜಪಾನಿನ ಬಿಜೆನ್‌ನಲ್ಲಿ ಕುಂಬಾರಿಕೆ ಕಲಿತು ಬಂದವರು. ರೇ ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ ಮಣ್ಣಿನ ಸೆಳೆತಕ್ಕೆ ಸಿಕ್ಕಿ ಸೆರಾಮಿಕ್ಸ್‌ಗೆ ಹೊರಳಿದವರು. ಅವರಿಗಿಂತ ಮೊದಲು, ಜಪಾನಿನಲ್ಲಿ ಕಲಿತು ಬಂದಿದ್ದ ಸರ್ದಾರ್ ಗುರುಚರಣ್ ಸಿಂಗ್ 1952ರಲ್ಲಿ ದೆಹಲಿಯಲ್ಲಿ ಬ್ಲೂ ಪಾಟರಿ ತೆರೆದಿದ್ದರು. ಆದರೂ ಕಲಾವಿದರೊಬ್ಬರು ತಮ್ಮದೇ ಸ್ಟುಡಿಯೋದಲ್ಲಿ ಸ್ಟೋನ್‌ವೇರ್ ಮಾಡಿ ಬದುಕಬಹುದು ಎಂಬ ಧೈರ್ಯ ಆಗ ದೇಶದಲ್ಲಿ ಕೆಲವರಿಗಷ್ಟೇ ಇತ್ತು.

ಸ್ಟೋನ್‌ವೇರ್ ಎಂದರೇನು ಎಂದು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಕುಡಿಯುವ ನೀರಿನ ಮಡಕೆ ಕಡಿಮೆ ಶಾಖದಲ್ಲಿ ಬೆಂದದ್ದು. ಅದರ ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರು ಅವುಗಳಿಂದ ಜಿನುಗಿ ಆರುವುದರಿಂದಲೇ ಒಳಗಿನದು ತಣ್ಣಗಿರುತ್ತದೆ. ಪಕ್ಕದ ಕಪಾಟಿನಲ್ಲಿರುವ ಉಪ್ಪಿನಕಾಯಿ ಜಾಡಿ ಹಾಗಲ್ಲ. ಅದರ ಮಣ್ಣು ಹೆಚ್ಚು ಶಾಖದಲ್ಲಿ ಅರೆಕರಗಿ ಕಲ್ಲಿನಂತೆ ಗಟ್ಟಿಯಾಗಿದೆ. ಉಪ್ಪು, ಹುಳಿ, ಎಣ್ಣೆ ಯಾವುದೂ ಅದರೊಳಗೆ ಇಳಿಯುವುದಿಲ್ಲ. ಕೆರೆಯ ಜೇಡಿಮಣ್ಣನ್ನು ಅಷ್ಟು ಶಾಖಕ್ಕೆ ಒಡ್ಡಿದರೆ ಕುಸಿದು ಮುದ್ದೆಯಾಗುತ್ತದೆ. ಹಾಗಾಗಿ ಸ್ಟೋನ್‌ವೇರ್‌ಗೆ ಬೇರೆ ಬೇರೆ ಮಣ್ಣುಗಳನ್ನು ಲೆಕ್ಕ ಹಾಕಿ ಬೆರೆಸಬೇಕು.

ಗೋಲ್ಡನ್ ಬ್ರಿಜ್‌ನಲ್ಲಿ ಡೆಬೊರಾ ಊಟದ ತಟ್ಟೆ, ಬಟ್ಟಲು, ಹೂಜಿಗಳ ವಿನ್ಯಾಸ ಮತ್ತು ತಯಾರಿಕೆ ನೋಡಿಕೊಂಡರು. ಆ ಕೆಲಸಕ್ಕೆ ಬಂದ ಸುತ್ತಮುತ್ತಲಿನ ಊರುಗಳ ತಮಿಳರಲ್ಲಿ ಕೆಲವರು ಮುಂದೆ ತಮ್ಮದೇ ಪಾಟರಿಗಳನ್ನು ತೆರೆದರು. ಇಂದು ಪುದುಚೇರಿಯ ಸ್ಟೋನ್‌ವೇರ್ ಎಂದು ಅಂಗಡಿಗಳಲ್ಲಿ ಸಿಗುವ ಪಾತ್ರೆಗಳ ಬೇರು ಅಲ್ಲಿದೆ. ರೇ ಆವಿಗೆ ಕಟ್ಟುವುದು, ಸುಡುವುದು ಮತ್ತು ಕಲಿಸುವುದನ್ನು ವಹಿಸಿಕೊಂಡರು.

ಕಲಿಕೆ ಎಂದರೆ ತಿಗರಿಯ ಮುಂದೆ ಕುಳಿತು ಮಣ್ಣನ್ನು ನಡುವಿಗೆ ತರುವುದಷ್ಟೇ ಅಲ್ಲ. ಒಣಗಿ ಬೇಯುವಷ್ಟರಲ್ಲಿ ಪಾತ್ರೆ ಹತ್ತರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಗ್ಗಬಹುದು ಎಂಬ ಅಂದಾಜು ಕೈಗೆ ಹತ್ತಬೇಕು. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸ್ಫಟಿಕ ಶಿಲೆ ತಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಘಟ್ಟದಲ್ಲಿ ಕುಗ್ಗುತ್ತದೆ. ಅಲ್ಲಿ ಅವಸರಪಟ್ಟರೆ ಬಿರುಕು. ಆವಿಗೆಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ತಾಮ್ರ ಬೆರೆತ ಗ್ಲೇಜ್, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಹಸಿರಾಗುತ್ತದೆ. ಗಾಳಿಯನ್ನು ತಡೆದು ಹೊಗೆ ಕವಿಯುವಂತೆ ಉರಿಸಿದರೆ ಅದೇ ತಾಮ್ರ ರಕ್ತಗೆಂಪು. ಕಟ್ಟಿಗೆಯ ಬೂದಿಯೂ ಹಾರಿ ಬಂದು ಪಾತ್ರೆಯ ಮೇಲೆ ಕೂತು, ಮಣ್ಣಿನ ಸಿಲಿಕಾದೊಡನೆ ಕರಗಿ ಗಾಜಾಗುತ್ತದೆ.

ರೇ ಮೀಕರ್ ಅವರೊಳಗಿನ ವಾಸ್ತುಶಿಲ್ಪಿ ಸುಮ್ಮನಿರಲಿಲ್ಲ. ಇರಾನಿನಲ್ಲಿ ಮಣ್ಣಿನ ಮನೆಗಳನ್ನೇ ಸುಟ್ಟು ಗಟ್ಟಿ ಮಾಡಿದ್ದ ನಾದರ್ ಖಲೀಲಿ ಅವರ ಪ್ರಯೋಗದಿಂದ ಪ್ರೇರಣೆ ಪಡೆದು, 1980ರ ದಶಕದ ನಡುವಿನಿಂದ ಅವರೂ ಆ ದಾರಿ ಹಿಡಿದರು. ಹಸಿ ಇಟ್ಟಿಗೆಯಲ್ಲಿ ಕಮಾನು ಚಾವಣಿಯ ಮನೆ ಕಟ್ಟುವುದು, ಒಳಗೆ ಹಸಿ ಇಟ್ಟಿಗೆ, ಹೆಂಚುಗಳನ್ನು ಪೇರಿಸುವುದು, ದಿನಗಟ್ಟಲೆ ಬೆಂಕಿ ಹಾಕುವುದು. ಮನೆಯೇ ಆವಿಗೆ, ಮನೆಯೇ ಪಾತ್ರೆ. ಉರುವಲಿನ ಖರ್ಚು ದೊಡ್ಡದು. ಒಳಗೆ ಬೆಂದ ಸರಕನ್ನು ಮಾರಿ ಅದನ್ನು ತುಂಬಿಕೊಳ್ಳಬಹುದು ಎನ್ನುವುದು ಲೆಕ್ಕಾಚಾರವಾಗಿತ್ತು. ಪುದುಚೇರಿ ಬಳಿಯ ಆರೋವಿಲ್‌ನ ‘ಅಗ್ನಿಜಾತ’ ಮನೆ ಈ ಹುಡುಕಾಟದ ಫಲ. 2018ರಲ್ಲಿ ಬಂದ ‘ಬಿಲ್ಡಿಂಗ್ ವಿತ್ ಫೈರ್’ ಪುಸ್ತಕದಲ್ಲಿ ಅವರು ಇದರ ಕಥೆಯನ್ನು ದಾಖಲಿಸಿದ್ದಾರೆ. ಮುಂದೆ ಅವರ ಕೈ ಆಳೆತ್ತರದ ಶಿಲ್ಪಗಳತ್ತ ತಿರುಗಿತು.

ಕಲಿತು ಹೋದವರು ಗುರುಗಳ ನಕಲು ಮಾಡಲಿಲ್ಲ ಎನ್ನುವುದೇ ಈ ಸ್ಟುಡಿಯೋದ ದೊಡ್ಡ ಸಾಧನೆ. ಮುಂಬೈಯ ಆದಿಲ್ ರೈಟರ್ ವಾಸ್ತುಶಿಲ್ಪ ಓದಿ ಇಲ್ಲಿಗೆ ಬಂದವರು. ಈಗ ಆರೋವಿಲ್‌ನ ಮಂಡಲ ಪಾಟರಿಯ ಪಾಲುದಾರರು. ಉರಿಯುವ ಆವಿಗೆಗೆ ಸೋಡಾ ಹಾಕಿ, ಅದರ ಆವಿ ಮಣ್ಣಿನ ಮೇಲೆ ಬರೆಯುವ ಗೆರೆಗಳನ್ನು ಅವರು ಕಲೆಯಾಗಿಸಿಕೊಂಡಿದ್ದಾರೆ. ವಾಸ್ತುಶಿಲ್ಪದ ಹಿನ್ನೆಲೆಯ ವಿನೀತ್ ಕಕ್ಕರ್ ಅವರ ಶಿಲ್ಪಗಳಲ್ಲಿ ಹಿಮಾಲಯದ ಸ್ತೂಪಗಳ ನೆನಪಿದೆ. ಹೈದರಾಬಾದಿನ ಆರತಿ ವೀರ್ ಆವಿಗೆಗೆ ಉಪ್ಪೆಸೆದು ಸುಡುವ ಪದ್ಧತಿಯನ್ನು ಪಳಗಿಸಿದರು. ಮಾಧವಿ ಸುಬ್ರಹ್ಮಣ್ಯನ್ ಪಾತ್ರೆಯ ಗಡಿ ದಾಟಿ, ಇಡೀ ಕೋಣೆಯನ್ನು ಆವರಿಸುವ ಮಣ್ಣಿನ ಕೃತಿಗಳನ್ನು ರಚಿಸುತ್ತಾರೆ.

2018ರಲ್ಲಿ ಜೈಪುರದ ಜವಾಹರ ಕಲಾ ಕೇಂದ್ರದಲ್ಲಿ ದೇಶದ ಮೊದಲ ಸೆರಾಮಿಕ್ಸ್ ಟ್ರೈಎನಾಲೆ ಪ್ರದರ್ಶನ ನಡೆದಾಗ, ಅದನ್ನು ರೂಪಿಸಿದ ಕಲಾವಿದರ ಗುಂಪಿನಲ್ಲಿ ಮಾಧವಿ ಮತ್ತು ವಿನೀತ್ ಕೂಡ ಇದ್ದರು. ಎರಡನೆಯದು 2024ರಲ್ಲಿ ದೆಹಲಿಯಲ್ಲಿ ನಡೆಯಿತು.

ಇಷ್ಟೆಲ್ಲ ಹೆಸರು ಮಾಡಿದ ಮೇಲೂ ಈ ಕಲಾವಿದರ ದಿನಚರಿಯ ಒಂದು ಗಳಿಗೆ ಬದಲಾಗಿಲ್ಲ. ಬೆಂಕಿ ನಿಂತು ಒಂದೆರಡು ದಿನ ಕಳೆದ ಮೇಲೆ ಆವಿಗೆಯ ಬಾಗಿಲಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಬಿಸಿ ಗಾಳಿ ಮುಖಕ್ಕೆ ರಾಚುತ್ತದೆ. ಹೊರಗಿನ ತಂಪು ತಾಗುತ್ತಲೇ ಕೆಲವು ಪಾತ್ರೆಗಳ ಗ್ಲೇಜ್‌ನಲ್ಲಿ ಕೂದಲೆಳೆಯ ಬಿರುಕುಗಳೆದ್ದು, ಟಿಣ್ ಟಿಣ್ ಎಂದು ಸಣ್ಣಗೆ ಸದ್ದಾಗುತ್ತದೆ. ದಪ್ಪ ಕೈಗವಸು ತೊಟ್ಟ ಕೈಗಳು ಮೊದಲ ಬಟ್ಟಲನ್ನು ಹೊರತೆಗೆದು, ಮಗುಚಿ ಅದರ ತಳ ನೋಡುತ್ತವೆ.