ಬೊನೇರ್ ದಡದ ಮುಳುಗು ತಾಣಗಳು ಮತ್ತು ಗಿಳಿಮೀನಿನ ಸಾಕ್ಷ್ಯ

ದೋಣಿಯ ನೆರವಿಲ್ಲದೆ ದಡದಿಂದಲೇ ನೀರಿಗಿಳಿದು, ಕೆಲವೇ ನಿಮಿಷ ಈಜಿ ಹವಳದ ದಿಬ್ಬವನ್ನು ತಲುಪಬಹುದಾದ ಊರುಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ವೆನೆಜುವೆಲಾದ ಕರಾವಳಿಯಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ, ಕೆರೀಬಿಯನ್ ಸಮುದ್ರದ ದಕ್ಷಿಣದಂಚಿನಲ್ಲಿರುವ, 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಗಿರುವ ಬೊನೇರ್ ದ್ವೀಪ ಅವುಗಳಲ್ಲಿ ಮುಖ್ಯವಾದುದು. ಅಲ್ಲಿ ರಸ್ತೆಬದಿಯ ಹಳದಿ ಕಲ್ಲುಗಳ ಮೇಲೆ ತಾಣಗಳ ಹೆಸರು ಬರೆದಿರುತ್ತದೆ. ಪ್ರವಾಸಿಗರು ಅದನ್ನು ಓದಿ, ವಾಹನ ನಿಲ್ಲಿಸಿ, ಉಸಿರಾಟದ ಸಿಲಿಂಡರನ್ನೋ ಸ್ನಾರ್ಕೆಲ್ ಕೊಳವೆಯನ್ನೋ ತೊಟ್ಟು ನೇರವಾಗಿ ನೀರಿಗಿಳಿಯುತ್ತಾರೆ. ಇಂಥ ತಾಣಗಳು ಐವತ್ತಕ್ಕೂ ಹೆಚ್ಚಿರುವಾಗ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹೆಚ್ಚಿನವರು ಬಿಳಿ ಮರಳಿನ ಅಂದವನ್ನು ನೋಡಿ ನಿರ್ಧರಿಸುತ್ತಾರಾದರೂ, ಗಾಳಿ, ನೀರಿನ ತಿಳಿತನ ಮತ್ತು ಒಂದು ಮೀನು ಈ ಪ್ರಶ್ನೆಗೆ ಇನ್ನೂ ಖಚಿತವಾದ ಉತ್ತರವನ್ನು ಕೊಡುತ್ತವೆ.

ಬೊನೇರ್‌ನಲ್ಲಿ ವರ್ಷದ ಬಹುಕಾಲ ಪೂರ್ವದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಸಮಭಾಜಕ ವೃತ್ತದ ಕಡೆಗೆ ಒಂದೇ ದಿಕ್ಕಿನಲ್ಲಿ ಬೀಸುವ ಈ ಗಾಳಿಯನ್ನು ನೆಚ್ಚಿಯೇ ಹಿಂದೆ ಹಾಯಿಹಡಗುಗಳು ಸಾಗರ ದಾಟುತ್ತಿದ್ದವು. ಗಾಳಿಗೆ ಎದುರಾದ ಪೂರ್ವದ ದಡದಲ್ಲಿ ಅಲೆಗಳು ಅಬ್ಬರಿಸುವುದರಿಂದ ಅಲ್ಲಿ ಇಳಿಯುವುದು ಅಪಾಯಕರ. ಗಾಳಿಮರೆಯಲ್ಲಿರುವ ಪಶ್ಚಿಮದ ದಡವಾದರೋ ಶಾಂತವಾಗಿರುತ್ತದೆ ಮತ್ತು ಹೆಸರಾಂತ ತಾಣಗಳೆಲ್ಲ ಬಹುಪಾಲು ಅಲ್ಲಿಯೇ ಇವೆ. ಈ ಶಾಂತಿಯ ಬೆಲೆ ಏನೆಂಬುದು 1999ರ ನವೆಂಬರಿನಲ್ಲಿ ತಿಳಿಯಿತು. ಆಗ ಲೆನಿ ಎಂಬ ಚಂಡಮಾರುತ ಕೆರೀಬಿಯನ್ನಿನ ವಾಡಿಕೆಗೆ ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿತು; ಅದು ದೂರದಲ್ಲೇ ಹಾದುಹೋದರೂ ಅದೆಬ್ಬಿಸಿದ ಅಲೆಗಳು ಗಾಳಿಮರೆಯ ದಡಕ್ಕೆ ಬಡಿದು, ಆಳವಿಲ್ಲದ ನೀರಿನಲ್ಲಿದ್ದ ಹವಳಗಳನ್ನು ಮುರಿದುಹಾಕಿದವು.

ಬೊನೇರ್‌ನಲ್ಲಿ ಮಳೆ ಕಡಿಮೆ, ವರ್ಷವಿಡೀ ಹರಿಯುವ ನದಿಗಳಿಲ್ಲ. ಆದ್ದರಿಂದ ಕಡಲಿಗೆ ಹೂಳು ಸೇರುವುದು ಅಪರೂಪ ಮತ್ತು ನೀರು ತಿಳಿಯಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ನದಿಗಳು ಕೆಂಪು ಮಣ್ಣನ್ನು ಹೊತ್ತು ತರುವ, ಕಡಲು ಉಕ್ಕೇರುವ ಉತ್ತರ ಕನ್ನಡದಲ್ಲಿ ನೇತ್ರಾಣಿಯ ಮುಳುಗಾಟ ಆ ತಿಂಗಳುಗಳಲ್ಲಿ ನಿಲ್ಲುವುದನ್ನು ಬಲ್ಲವರಿಗೆ ಈ ವ್ಯತ್ಯಾಸದ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ತಿಳಿನೀರು ಹವಳಕ್ಕೂ ಬೇಕು: ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ, ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ತಮ್ಮ ದೇಹದೊಳಗೆ ಸೂಕ್ಷ್ಮ ಪಾಚಿಗಳಿಗೆ ಆಶ್ರಯ ಕೊಟ್ಟು, ಅವು ಬಿಸಿಲಿನಿಂದ ತಯಾರಿಸುವ ಆಹಾರವನ್ನು ಪಡೆದು, ಸುಣ್ಣದ ಗೂಡುಗಳನ್ನು ಕಟ್ಟುತ್ತ ಬೆಳೆಸಿದ ವಸಾಹತು. ಕುಜದೋಷ ಕಳೆಯಲೆಂದು ಉಂಗುರದಲ್ಲಿ ಕೂರಿಸುವ ಕೆಂಪು ಹವಳವೂ ಇದರ ದೂರದ ನೆಂಟನಾದ ಇನ್ನೊಂದು ಪ್ರಾಣಿಯ ಅಸ್ಥಿಪಂಜರವೇ. ಸತ್ತ ಪ್ರಾಣಿಯ ಸುಣ್ಣಕ್ಕೆ ಮಂಗಳ ಗ್ರಹದೊಂದಿಗೆ ನಂಟು ಕಟ್ಟಿ, ಮದುವೆಯ ಭವಿಷ್ಯವನ್ನು ಅದರ ಮೇಲೆ ನಿಲ್ಲಿಸುವುದು ಬುದ್ಧಿಗೂ ಕಡಲಿಗೂ ಮಾಡುವ ಅಪಚಾರ.

ಗಾಳಿ, ನೀರು ಎರಡೂ ಅನುಕೂಲವಾಗಿರುವ ತಾಣಗಳಲ್ಲಿಯೂ ಯಾವುದು ಹೆಚ್ಚು ಜೀವಂತವಾಗಿದೆ ಎಂಬುದನ್ನು ತೋರಿಸಿಕೊಡುವುದು ಗಿಳಿಮೀನು. ಗಿಳಿಯ ಕೊಕ್ಕನ್ನು ಹೋಲುವ ಬಾಯಿಯಿಂದ ಇದಕ್ಕೆ ಈ ಹೆಸರು ಬಂದಿದೆ. ಆ ಕೊಕ್ಕು ಸಾಲುಸಾಲಾಗಿ ಹೆಣೆದುಕೊಂಡ ನೂರಾರು ಹಲ್ಲುಗಳ ಒಟ್ಟುರೂಪ. ಮುಂದಿನ ಹಲ್ಲು ಸವೆದಂತೆ ಹಿಂದಿನದು ಮುಂದೆ ಬರುತ್ತದೆ. 2017ರಲ್ಲಿ ಪೆಸಿಫಿಕ್ ಸಾಗರದ ಒಂದು ಗಿಳಿಮೀನಿನ ಹಲ್ಲನ್ನು ಎಕ್ಸ್‌ರೇ ಕಿರಣಗಳಿಂದ ಪರೀಕ್ಷಿಸಿದ ವಿಜ್ಞಾನಿಗಳಿಗೆ, ಫ್ಲೋರಿನ್ ಬೆರೆತ ಅಪಟೈಟ್ ಖನಿಜದ ಹರಳುಗಳು ನೇಯ್ದ ಎಳೆಗಳಂತೆ ಒಂದರೊಳಗೊಂದು ಸೇರಿಕೊಂಡಿರುವುದು ಕಾಣಿಸಿತು. ಕಲ್ಲನ್ನು ಕಡಿದರೂ ಹಲ್ಲು ಮುರಿಯದಿರುವುದಕ್ಕೆ ಈ ಹೆಣಿಗೆಯೇ ಕಾರಣ.

ಈ ಮೀನು ಕಲ್ಲನ್ನು ಕಡಿಯುವುದು ಕಲ್ಲಿಗಾಗಿ ಅಲ್ಲ. ಸತ್ತ ಹವಳದ ಮೇಲೂ ಒಳಗೂ ಬೆಳೆಯುವ ಪಾಚಿ ಮತ್ತು ಸೂಕ್ಷ್ಮಜೀವಿಗಳು ಅದರ ಮುಖ್ಯ ಆಹಾರ; ಅವನ್ನು ಪಡೆಯಲು ಅದು ಮೇಲ್ಮೈಯನ್ನೇ ಕೆರೆದು ನುಂಗುತ್ತದೆ. ಗಿಳಿಮೀನಿಗೆ ಜಠರವಿಲ್ಲ, ಆದರೆ ಗಂಟಲಿನಲ್ಲಿ ಇನ್ನೊಂದು ಜೋಡಿ ದವಡೆಗಳಿದ್ದು, ಅವು ಬೀಸುಕಲ್ಲಿನಂತೆ ಸುಣ್ಣದ ಚೂರುಗಳನ್ನು ನುಣ್ಣಗೆ ಅರೆಯುತ್ತವೆ. ಆಹಾರ ಕರುಳಿನಲ್ಲಿ ಜೀರ್ಣವಾಗುತ್ತದೆ; ಉಳಿದ ಪುಡಿ ಮಲವಾಗಿ ಹೊರಬಿದ್ದು ಬಿಳಿ ಮರಳಾಗುತ್ತದೆ. ಉಷ್ಣವಲಯದ ದ್ವೀಪಗಳ ಬಿಳಿ ಮರಳೆಲ್ಲ ಅಲೆಗಳು ಬಂಡೆಯನ್ನು ಸವೆಸಿದ್ದರಿಂದ ಉಂಟಾದುದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ದಿಬ್ಬದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ. 85ಕ್ಕಿಂತ ಹೆಚ್ಚು ಪಾಲು ಗಿಳಿಮೀನುಗಳದ್ದೇ ಎಂದು ತೋರಿಸಿತು. ಪ್ರವಾಸಿಗರು ಮೆಚ್ಚಿ ಬರಿಗಾಲಲ್ಲಿ ನಡೆಯುವ ದಡದ ಮರಳು ಎಷ್ಟೋ ಕಡೆ ಹೀಗೆ ಒಂದು ಮೀನಿನ ಜೀರ್ಣಾಂಗವನ್ನು ಹಾದುಬಂದಿರುತ್ತದೆಂಬುದು ಅಸಹ್ಯಪಡುವ ಸಂಗತಿಯಲ್ಲ, ಬೆರಗುಪಡುವ ಸಂಗತಿ.

ದಿಬ್ಬದ ಉಳಿವಿಗೂ ಈ ಮೇಯುವಿಕೆ ಅಗತ್ಯ, ಏಕೆಂದರೆ ಪಾಚಿ ಹೆಚ್ಚಿದರೆ ಹವಳದ ಮರಿಗಳಿಗೆ ಅಂಟಿಕೊಂಡು ಬೆಳೆಯಲು ಜಾಗ ಸಿಗುವುದಿಲ್ಲ. 1983–84ರಲ್ಲಿ ಕೆರೀಬಿಯನ್ನಿನ ಉದ್ದಗಲಕ್ಕೂ ರೋಗವೊಂದು ಹಬ್ಬಿ, ಪಾಚಿ ಮೇಯುವ, ಸೀ ಅರ್ಚಿನ್ ಎಂಬ ಉದ್ದಮುಳ್ಳಿನ ಕಡಲಜೀವಿಗಳು ಬಹುತೇಕ ನಾಶವಾದ ಮೇಲೆ ಆ ಕೆಲಸ ಹೆಚ್ಚಾಗಿ ಗಿಳಿಮೀನುಗಳ ಪಾಲಿಗೇ ಬಂತು. 1970ರಿಂದ 2012ರವರೆಗಿನ ಮಾಹಿತಿಯನ್ನು ಕ್ರೋಡೀಕರಿಸಿ 2014ರಲ್ಲಿ ಹೊರಬಂದ ಅಂತರರಾಷ್ಟ್ರೀಯ ವರದಿ, ಕೆರೀಬಿಯನ್ ಹವಳ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆಯೆಂದೂ, ಗಿಳಿಮೀನುಗಳು ಸಮೃದ್ಧವಾಗಿರುವ ಬೊನೇರ್, ಬರ್ಮುಡಾಗಳಂಥ ಕಡೆ ದಿಬ್ಬಗಳು ಹೋಲಿಕೆಯಲ್ಲಿ ಚೆನ್ನಾಗಿವೆಯೆಂದೂ ತಿಳಿಸಿತು. ಬೊನೇರ್ 1971ರಲ್ಲಿ ಈಟಿಮೀನುಗಾರಿಕೆಯನ್ನು ನಿಷೇಧಿಸಿ, 1979ರಲ್ಲಿ ಸಾಗರ ಉದ್ಯಾನವನ್ನು ಸ್ಥಾಪಿಸಿ, 2010ರಲ್ಲಿ ಗಿಳಿಮೀನು ಹಿಡಿಯುವುದನ್ನೂ ನಿಲ್ಲಿಸಿತ್ತು. ಕಾಯುವ ಕ್ರಮಗಳು ರೋಗ ಮತ್ತು ಬಿಸಿಯನ್ನು ತಡೆಯಲಾರವೆಂಬುದೂ ನಿಜ: 2023ರಲ್ಲಿ ಹವಳದ ಅಂಗಾಂಶವನ್ನು ಕೊಳೆಸುವ ರೋಗ ಈ ದ್ವೀಪವನ್ನೂ ತಲುಪಿತು.

ಹಗಲಿನಲ್ಲಿ ಬಣ್ಣಬಣ್ಣವಾಗಿ ಓಡಾಡುವ ಈ ಮೀನು ರಾತ್ರಿ ಬಂಡೆಯ ಸಂದಿಯಲ್ಲಿ ಮಲಗುತ್ತದೆ. ಕೆಲವು ಜಾತಿಗಳು ಮಲಗುವ ಮುನ್ನ ಬಾಯಿಯ ಭಾಗದಿಂದ ಲೋಳೆ ಸ್ರವಿಸಿ, ಮೈಯನ್ನೆಲ್ಲ ಸುತ್ತುವ ಪಾರದರ್ಶಕ ಕೋಶವನ್ನು ಕಟ್ಟಿಕೊಳ್ಳುತ್ತವೆ. ಬೇಟೆಗಾರ ಹಾವುಮೀನಿಗೆ ವಾಸನೆ ಹತ್ತದಿರಲೆಂದೇ ಈ ಏರ್ಪಾಡೆಂದು ಬಹುಕಾಲ ಊಹಿಸಲಾಗಿತ್ತು. ಆದರೆ ಆಸ್ಟ್ರೇಲಿಯಾದ ಸಂಶೋಧಕರ ಪ್ರಯೋಗದಲ್ಲಿ, ಕೋಶ ಕಳಚಿದ ಮೀನುಗಳೆಲ್ಲ ಹೆಚ್ಚುಕಡಿಮೆ ರಕ್ತಹೀರುವ ಪುಟ್ಟ ಪರೋಪಜೀವಿಗಳಿಗೆ ತುತ್ತಾದವು, ಕೋಶವುಳ್ಳವುಗಳಲ್ಲಿ ಹತ್ತಕ್ಕೆ ಒಂದರಷ್ಟಕ್ಕೆ ಮಾತ್ರ ಅವು ಕಚ್ಚಿದವು.

ಗಾಳಿ, ನೀರು ಮತ್ತು ಗಿಳಿಮೀನಿನ ಬಗೆಗಿನ ಈ ತಿಳಿವಳಿಕೆಯಿಂದ ತಾಣದ ಆಯ್ಕೆ ಸುಲಭವಾಗುತ್ತದೆ. ದಡದ ಸಮೀಪ ದಿಬ್ಬ ಮಟ್ಟಸವಾಗಿದ್ದು, ಸುಮಾರು 10 ಮೀಟರ್ ಆಳದಿಂದ ಇಳಿಜಾರಾಗುವುದರಿಂದ ಸ್ನಾರ್ಕೆಲ್ ಮಾಡುವವರಿಗೆ ಆ ಮೇಲಿನ ಭಾಗವೇ ಸಾಕು. ಉತ್ತರದ 'ಸಾವಿರ ಮೆಟ್ಟಿಲು' ತಾಣ ಹೆಸರಿಗೆ ತಕ್ಕಂತಿರದೆ ಎಪ್ಪತ್ತರ ಆಸುಪಾಸಿನ ಮೆಟ್ಟಿಲುಗಳನ್ನಷ್ಟೇ ಹೊಂದಿದ್ದು, ಸ್ನಾರ್ಕೆಲ್ ಮಾಡುವವರಿಗೂ ಸಿಲಿಂಡರ್ ತೊಟ್ಟು ಮುಳುಗುವವರಿಗೂ ಹೊಂದುತ್ತದೆ. 1984ರಲ್ಲಿ ಮುಳುಗಿದ 'ಹಿಲ್ಮಾ ಹೂಕರ್' ಹಡಗು ಸುಮಾರು 30 ಮೀಟರ್ ಆಳದಲ್ಲಿರುವುದರಿಂದ ಸ್ಕೂಬಾ ತರಬೇತಿ ಪಡೆದವರಿಗೆ ಮಾತ್ರ ಸರಿ. ಉಪ್ಪು ಸಾಗಿಸುವ ಕಟ್ಟೆಯ ಕಂಬಗಳ ನಡುವೆ ಮೀನುಗಳು ನೆರೆಯುತ್ತವಾದರೂ ಹಡಗು ನಿಂತಿರುವಾಗ ಅಲ್ಲಿಗೆ ಪ್ರವೇಶವಿಲ್ಲ. ದಕ್ಷಿಣದ ತುದಿಯಲ್ಲಿ ಪ್ರವಾಹ ಬಲವಾಗಿರುವುದರಿಂದ ಹೊಸಬರು ಅತ್ತ ಹೋಗದಿರುವುದೇ ಲೇಸು. ಪೂರ್ವದ ಲಾಕ್ ಕೊಲ್ಲಿಯ ಕಾಂಡ್ಲಾ ಕಾಡಿನಲ್ಲಿ ಕಾಮನಬಿಲ್ಲು ಗಿಳಿಮೀನಿನ ಮರಿಗಳು ಬೆಳೆಯುತ್ತವೆ. ಆ ಕಾಡು ಅಳಿದರೆ ದಿಬ್ಬವೂ ಆ ಮೀನನ್ನು ಕಳೆದುಕೊಳ್ಳುತ್ತದೆ.

ನೀರಿಗಿಳಿದವರು ಕಿವಿಗೊಟ್ಟರೆ ಗಿಳಿಮೀನುಗಳು ಹವಳವನ್ನು ಕೆರೆಯುವ ಕರಕರ ಸದ್ದು ಕೇಳಿಸುತ್ತದೆ. ಬಂಡೆಗಳ ಮೇಲೆ ಹೊಸ ಬಿಳಿ ಗೀರುಗಳು ಕಾಣಿಸುತ್ತವೆ. ಈ ಎರಡೂ ಧಾರಾಳವಾಗಿರುವ ತಾಣವೇ ಒಳ್ಳೆಯ ತಾಣ. ಅಲ್ಲಿ ಹವಳದ ಮೇಲೆ ನಿಲ್ಲದಿರುವುದು, ಅದನ್ನು ಮುಟ್ಟದಿರುವುದು, ಬೊನೇರ್‌ನ ಸಾಗರ ಉದ್ಯಾನದಲ್ಲಿ ನಿಷೇಧಿಸಿರುವ ಕೈಗವಸನ್ನು ತೊಡದಿರುವುದು ಮತ್ತು ಯಾವ ದೇಶದ ಊಟದ ಮೇಜಿನ ಮೇಲಾದರೂ ಗಿಳಿಮೀನನ್ನು ಬೇಡವೆನ್ನುವುದು ಪ್ರತಿಯೊಬ್ಬ ಓದುಗರ ಕೈಲಾಗುವ ಕೆಲಸ. ಅದನ್ನು ಅವರು ಮಾಡಲೇಬೇಕು.