ಕಡಲ ತಡಿಯ ವಿಹಾರ

ರಜೆ ಬಂತೆಂದರೆ ಬೆಂಗಳೂರು, ಮೈಸೂರುಗಳ ನಿವಾಸಿಗಳಲ್ಲಿ ಅನೇಕರು ಘಟ್ಟವಿಳಿದು ಕಡಲ ತಡಿಗೆ ಹೋಗುವುದು ಈಚೆಗೆ ವಾಡಿಕೆಯಾಗಿದೆ. ಹೊರಡುವ ಮುನ್ನ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ತೀರ ಎಲ್ಲಕ್ಕಿಂತ ಚೆನ್ನ? ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರು ಕಡಲನ್ನು ಬಲ್ಲವರಲ್ಲವೆಂದು ನಮ್ಮ ಅಭಿಪ್ರಾಯ. ವಯಸ್ಸಾದವರಿಗೆ ಹಿತವಾದ ತೀರ ಈಜುಗಾರನಿಗೆ ಸಪ್ಪೆಯಾದೀತು. ಮಾಘಮಾಸದಲ್ಲಿ ಮಗುವಿನ ಕೈಹಿಡಿದು ಆಡಿಸಬಹುದಾದ ನೀರಿನಲ್ಲಿಯೇ ಆಷಾಢ ಬಂದಾಗ, ಕಡಲಿನಲ್ಲಿಯೇ ಬೆಳೆದ ಮೊಗವೀರನೂ ಕಾಲಿಡಲು ಹಿಂದೆಗೆಯುತ್ತಾನೆ. ಆದಕಾರಣ ನಮ್ಮ ಕರಾವಳಿಯ ಕೆಲವು ತೀರಗಳನ್ನು ಇಲ್ಲಿ ಹೆಸರಿಸುವುದರ ಜೊತೆಗೆ, ಒಂದೊಂದರ ಗುಣವೂ ಹೇಗೆ ಬಂದಿತೆಂಬುದನ್ನೂ ಸ್ವಲ್ಪ ವಿವರಿಸಲು ಯತ್ನಿಸುತ್ತೇವೆ.

ಘಟ್ಟದ ಮೇಲಿನವರಾದ ನಮಗೆ ಕಡಲು ಹಳೆಯ ನೆಂಟನಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕರಾವಳಿಯು ಇಂಗ್ಲಿಷರ ವಶವಾಯಿತು. ಕಾಲಕ್ರಮದಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೂ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೂ ಸೇರಿಹೋದವು. 1956ರಲ್ಲಿ ಕನ್ನಡನಾಡು ಒಂದಾಗುವ ತನಕ ಮೈಸೂರು ಸೀಮೆಗೆ ತನ್ನದೆನ್ನುವ ಕಡಲೇ ಇರಲಿಲ್ಲ. ನಮ್ಮಲ್ಲಿ ಈಜು ಬಲ್ಲವರು ಕೆರೆಯಲ್ಲಿಯೋ ಬಾವಿಯಲ್ಲಿಯೋ ಕಲಿತವರು. ನಿಂತ ನೀರಿನಲ್ಲಿ ಕಲಿತ ವಿದ್ಯೆಯನ್ನು ನಂಬಿ ನಡೆಯುವ ನೀರಿಗೆ ಇಳಿಯುವುದರಿಂದ ಆಗುವ ಅನರ್ಥಗಳನ್ನು ಪತ್ರಿಕೆಗಳಲ್ಲಿ ನಾವು ವರ್ಷವರ್ಷವೂ ಓದುತ್ತಿದ್ದೇವೆ.

ದಕ್ಷಿಣದ ತಲಪಾಡಿಯಿಂದ ಉತ್ತರದ ಕಾರವಾರದವರೆಗೆ ಈ ಕರಾವಳಿ ಸುಮಾರು 320 ಕಿಲೋಮೀಟರು ಉದ್ದ. ಅದನ್ನು ರಚಿಸಿದವರು ಇಬ್ಬರು ಶಿಲ್ಪಿಗಳು: ಘಟ್ಟದಿಂದ ಇಳಿಯುವ ನದಿಗಳು ಮತ್ತು ಕಡಲಿನ ತೆರೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸ್ವರ್ಣಾ, ನೇತ್ರಾವತಿ ಮೊದಲಾದ ನದಿಗಳು ಮರಳನ್ನು ಹೊತ್ತು ತಂದು ಅಳಿವೆಗಳಲ್ಲಿ ಚೆಲ್ಲುತ್ತವೆ. ತೆರೆಗಳು ಆ ಮರಳನ್ನು ಎತ್ತಿ ದಡದುದ್ದಕ್ಕೂ ಹಂಚುತ್ತವೆ. ಉತ್ತರ ಕನ್ನಡದಲ್ಲಿ ಬೆಟ್ಟದ ಚಾಚುಗಳು ಕಡಲಿನೊಳಕ್ಕೆ ನುಗ್ಗಿರುವುದರಿಂದ ಅಲ್ಲಿಯ ತೀರಗಳು ಚಿಕ್ಕ ಚಿಕ್ಕ ಬಾಗುಗಳಾಗಿ ತುಂಡಾಗಿವೆ. ಉಡುಪಿಯಿಂದ ದಕ್ಷಿಣಕ್ಕೆ ಅಂತಹ ತಡೆಗಳು ಕಡಿಮೆಯಾದ ಕಾರಣ ಮರಳು ಮೈಲಿಗಟ್ಟಲೆ ನೇರವಾಗಿ ಹಾಸಿಕೊಂಡಿದೆ. ಬಾಗಿನೊಳಗಿನ ನೀರಿಗೆ ಬೆಟ್ಟದ ಆಸರೆಯುಂಟು. ನೇರವಾದ ತೀರಕ್ಕೆ ಯಾವ ಆಸರೆಯೂ ಇಲ್ಲ.

ಕಾಲದ ವಿಚಾರವನ್ನು ಮೊದಲೇ ಹೇಳಿಬಿಡುವುದು ಮೇಲು. ಕಾರ್ತಿಕದಿಂದ ಮಾಘದವರೆಗೆ, ಅಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ, ಗಾಳಿ ಹಿತವಾಗಿಯೂ ತೆರೆ ಮೃದುವಾಗಿಯೂ ಇರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಕ್ಕಳಿಗೆ ಬಿಡುವಿರುವುದು ನಿಜ. ಆದರೆ ಕರಾವಳಿಯ ಬೆವರನ್ನು ಬಲ್ಲವರು ಆ ಕಾಲದಲ್ಲಿ ಅಲ್ಲಿಗೆ ಹೋಗುವುದು ವಿಹಾರಕ್ಕಲ್ಲ, ನೆಂಟರ ಮದುವೆಗೆ. ಜೂನಿನಲ್ಲಿ ಮುಂಗಾರು ತಟ್ಟಿದೊಡನೆ ಕಡಲಿನ ಸ್ವಭಾವವೇ ಬೇರೆಯಾಗುತ್ತದೆ. ಎತ್ತರವಾದ ಕಡಿದಾದ ತೆರೆಗಳು ಒಂದರ ಹಿಂದೊಂದು ಬಡಿದು ದಡದ ಮರಳನ್ನು ಕಿತ್ತು ಒಳಗಡಲಿಗೆ ಒಯ್ದು, ಅಲ್ಲಿ ನೀರಿನಡಿಯಲ್ಲಿ ದಿಣ್ಣೆಗಳನ್ನು ಕಟ್ಟುತ್ತವೆ. ಮಳೆಗಾಲ ಕಳೆದ ಮೇಲೆ ಬರುವ ಉದ್ದನೆಯ ಸೌಮ್ಯವಾದ ತೆರೆಗಳು ಅದೇ ಮರಳನ್ನು ಮೆಲ್ಲಗೆ ಹಿಂದಕ್ಕೆ ತಂದು ದಡಕ್ಕೆ ಹಾಕುತ್ತವೆ. ಆಗಸ್ಟಿನಲ್ಲಿ ನೋಡಿದ ಇಕ್ಕಟ್ಟಾದ ತೀರವನ್ನೇ ಜನವರಿಯಲ್ಲಿ ನೋಡಿದವರು ಇದು ಆ ಊರೇ ಹೌದೇ ಎಂದು ಬೆರಗಾಗುವುದುಂಟು.

ಉತ್ತರದಿಂದ ಆರಂಭಿಸೋಣ. ಕಾರವಾರದ ತೀರ ಕಾಳೀನದಿಯ ಅಳಿವೆಗೆ ತಗುಲಿಕೊಂಡೇ ಇದೆ. ಮುಂದೆ ಕಡಲಿನಲ್ಲಿ ಹಲವು ನಡುಗಡ್ಡೆಗಳು ಕಾವಲು ನಿಂತಿರುವುದರಿಂದ ತೆರೆಗಳು ಅರ್ಧ ಬಲವನ್ನು ಅಲ್ಲಿಯೇ ಕಳೆದುಕೊಂಡು ದಡಕ್ಕೆ ಬರುತ್ತವೆ. 1883ರಲ್ಲಿ ರವೀಂದ್ರನಾಥ ಠಾಕೂರರು, ಆಗ ಅಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಅವರು ಬರೆದುದು ಅಲ್ಲಿಯೇ. ಕಾಳಿಯಲ್ಲಿ ದೋಣಿಯೇರಿ ಹೋದುದನ್ನೂ, ಬೆಳುದಿಂಗಳಿನಲ್ಲಿ ಮರಳ ಮೇಲೆ ನಡೆದು ಮನೆಗೆ ಮರಳಿದುದನ್ನೂ ತಮ್ಮ ಸ್ಮೃತಿಗಳಲ್ಲಿ ಅವರು ನೆನೆದಿದ್ದಾರೆ. ಈಗ ಆ ತೀರಕ್ಕೆ ಅವರ ಹೆಸರೇ ಇದೆ. ಗಾಳಿಮರಗಳ ನೆರಳು, ಪಕ್ಕದಲ್ಲಿಯೇ ಪೇಟೆ, ಸಂಜೆಗೆ ತಂಗಾಳಿ: ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ನಾವು ಮೊದಲು ಹೇಳುವ ಹೆಸರು ಕಾರವಾರ. ಊರಿನ ದಕ್ಷಿಣಕ್ಕೆ ನೌಕಾಪಡೆಯ ದೊಡ್ಡ ನೆಲೆಯಾದ ಕಾರಣ ಆ ಕಡೆಯ ಕೆಲವು ಅಂದವಾದ ತೀರಗಳು ಸಾರ್ವಜನಿಕರಿಗೆ ಇಲ್ಲದಂತಾದುವು. ನಾಡಿನ ರಕ್ಷಣೆಯ ಮುಂದೆ ನಮ್ಮ ವಿಹಾರದ ಮಾತು ಚಿಕ್ಕದು. ಆದರೂ ನೋಡಿದ್ದವರಿಗೆ ಅದರ ನೆನಪು ಹೋಗುವುದಿಲ್ಲ.

ಗೋಕರ್ಣಕ್ಕೆ ಜನರು ಮಹಾಬಲೇಶ್ವರನ ದರ್ಶನಕ್ಕಾಗಿ ಹೋಗುತ್ತಿದ್ದುದು ಶತಮಾನಗಳ ಮಾತು. ಮರಳಿಗಾಗಿ ಹೋಗುವುದು ಈಚಿನ ಮಾತು. ದೇವಾಲಯದ ಎದುರಿನ ಉದ್ದನೆಯ ತೀರವು ಯಾತ್ರಿಕರದು. ಅಲ್ಲಿಂದ ದಕ್ಷಿಣಕ್ಕೆ ಕೆಂಪು ಮುರಕಲ್ಲಿನ ಗುಡ್ಡವನ್ನು ಹತ್ತಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ ತೀರ, ಅದರಾಚೆಗೆ ಅರ್ಧಚಂದ್ರದಂತಿರುವ ಮತ್ತೊಂದು. ಓಂ ತೀರದಲ್ಲಿ ಎರಡು ಬಾಗುಗಳು ಒಂದು ಬಂಡೆಯ ಮೂಗಿನ ಬಳಿ ಕೂಡುತ್ತವೆ. ಮೇಲಿನಿಂದ ನೋಡಿದವರಿಗೆ ಓಂಕಾರದ ಆಕಾರ ತೋರುವುದರಿಂದ ಆ ಹೆಸರು. ಗುಡ್ಡದ ಮೇಲೆ ನಿಂತು ಈ ತೀರಗಳನ್ನು ಒಂದರ ಹಿಂದೊಂದಾಗಿ ಕಾಣುವ ಸುಖಕ್ಕೆ ಸಮನಾದುದು ನಮ್ಮ ಕರಾವಳಿಯಲ್ಲಿ ಬೇರೊಂದಿಲ್ಲವೆಂದು ಹೇಳಲು ನಾವು ಅಂಜುವುದಿಲ್ಲ. ಆದರೆ ಆ ಬಂಡೆಯ ಮೂಗೇ ಅಪಾಯದ ಸ್ಥಾನ. ಚಿತ್ರ ತೆಗೆಸಿಕೊಳ್ಳಲು ಪಾಚಿಗಟ್ಟಿದ ಕಲ್ಲಿನ ತುದಿಗೆ ಹೋದವರನ್ನು ಒಂದು ದೊಡ್ಡ ತೆರೆ ಬಂದು ತೊಳೆದುಕೊಂಡು ಹೋಗಲು ಕ್ಷಣ ಸಾಕು. ದಿನಕ್ಕೆ ಎರಡು ಸಲ ಉಬ್ಬರವೂ ಎರಡು ಸಲ ಇಳಿತವೂ ಆಗುತ್ತವೆ. ಅವುಗಳ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ನಡೆದುಹೋದ ಕಲ್ಲಿನ ದಾರಿ ಉಬ್ಬರದಲ್ಲಿ ಮರಳಿ ಬರಲು ಇರುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು.

ಹೊನ್ನಾವರದ ಬಳಿ, ಶರಾವತಿಯ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಸಂಸಾರಸಮೇತರಾಗಿ ಹೋಗುವವರಿಗೆ ತಕ್ಕುದು. ಇದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ ನೀಲಿಬಾವುಟದ ಮನ್ನಣೆ ದೊರೆಯಿತು. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಈ ಏರ್ಪಾಡಿನಲ್ಲಿ ನೀರಿನ ಶುದ್ಧಿ, ಕಸದ ವಿಲೇವಾರಿ, ರಕ್ಷಕರ ನೇಮಕ ಮೊದಲಾದ 33 ನಿಬಂಧನೆಗಳುಂಟು. ಬಾವುಟವನ್ನು ಒಮ್ಮೆ ಪಡೆದರೆ ಸಾಲದು, ವರ್ಷವರ್ಷವೂ ಪರೀಕ್ಷೆಗೆ ನಿಲ್ಲಬೇಕು. ಹೊನ್ನಾವರದ ಆಸುಪಾಸಿನ ಮರಳಿನಲ್ಲಿಯೇ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ದಡಕ್ಕೆ ಬಂದು ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಒಂದೂವರೆ ಎರಡು ತಿಂಗಳಿಗೆ ಮರಿಯಾಗಿ, ಬೆಳಕು ಕಂಡ ಕಡೆಗೆ ಹರಿಯುತ್ತವೆ. ಕತ್ತಲೆಯ ದಡದಲ್ಲಿ ಆ ಬೆಳಕು ಕಡಲಿನದು. ದೀಪಗಳನ್ನು ಉರಿಸಿಟ್ಟ ದಡದಲ್ಲಿ ಮರಿಗಳು ದಾರಿ ತಪ್ಪಿ ಊರ ಕಡೆಗೆ ತಿರುಗುತ್ತವೆ. ರಾತ್ರಿ ಮರಳ ಮೇಲೆ ಬೆಂಕಿಯೆಬ್ಬಿಸಿ ಕುಳಿತುಕೊಳ್ಳುವ ಹವ್ಯಾಸವುಳ್ಳವರು ಇದನ್ನು ತಿಳಿದಿರಬೇಕು.

ಮುರುಡೇಶ್ವರದ ಹೆಸರನ್ನು ಕೇಳದವರಿಲ್ಲ. ಮೂರು ಕಡೆ ಕಡಲಿರುವ ಗುಡ್ಡ, 123 ಅಡಿ ಎತ್ತರದ ಶಿವನ ಮೂರ್ತಿ, ಇಪ್ಪತ್ತು ನೆಲೆಗಳ ಗೋಪುರ. ಶಾಲಾಬಾಲಕರ ಪ್ರವಾಸಗಳು ಅಲ್ಲಿಗೆ ಹೆಚ್ಚಾಗಿ ಬರುತ್ತವೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಹಾಗೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಆ ನೀರಿನಲ್ಲಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ, ನಾವೇ ಮೇಲೆ ಹಿತವೆಂದು ಹೇಳಿದ ಮಾಸ ಎಂಬುದನ್ನು ಗಮನಿಸಬೇಕು. ಆದಕಾರಣ ಸೆಳವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇವೆ.

ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಯಾದರೂ ಹಿಂದಿರುಗಲೇಬೇಕು. ನೀರಿನಡಿಯ ಮರಳುದಿಣ್ಣೆಯಲ್ಲಿ ಎಲ್ಲಿಯೋ ಒಂದು ಕಂಡಿಯಿರುತ್ತದೆ; ಕೆರೆಯ ಕೋಡಿಯ ಹಾಗೆ ಎಲ್ಲ ನೀರೂ ಅತ್ತ ಕೂಡಿ ಆ ಕಂಡಿಯ ಮೂಲಕ ರಭಸದಿಂದ ಕಡಲಿಗೆ ನುಗ್ಗುತ್ತದೆ. ಇದನ್ನು ಜನರು ಸುಳಿಯೆನ್ನುವುದುಂಟು, ಅದು ಸುಳಿಯಲ್ಲ. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಬಲವಾದ ಸೆಳವಿನ ವೇಗ ಸೆಕೆಂಡಿಗೆ 2 ಮೀಟರಿನಷ್ಟಾಗುವುದುಂಟು. ಜಗತ್ತಿನ ಶ್ರೇಷ್ಠ ಈಜುಗಾರನೂ ಅದಕ್ಕೆ ಎದುರಾಗಿ ಬಹಳ ಹೊತ್ತು ಮುಂದುವರಿಯಲಾರನು. ಮುಳುಗುವವರು ಸಾಧಾರಣವಾಗಿ ದಡದ ಕಡೆಗೇ ಈಜಿ ಈಜಿ ಬಳಲಿ ಮುಳುಗುತ್ತಾರೆ. ಮಾಡತಕ್ಕದ್ದು ಬೇರೆ: ಗಾಬರಿಪಡದೆ ತೇಲಿಕೊಂಡು, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಬೇಕು. ಸೆಳವಿನ ಅಗಲ ಬಹಳವಿರುವುದಿಲ್ಲ. ಅದರಿಂದ ಪಕ್ಕಕ್ಕೆ ಸರಿದ ಮೇಲೆ ತೆರೆಗಳೇ ದಡಕ್ಕೆ ತಳ್ಳುತ್ತವೆ. ದಡದ ಮೇಲೆ ನಿಂತವರಿಗೆ ಸೆಳವಿನ ಗುರುತು ಒಂದುಂಟು, ಮತ್ತು ಅದು ಮೋಸದ ಗುರುತು. ಎರಡು ಕಡೆಯಲ್ಲಿಯೂ ತೆರೆಗಳು ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟೆ ಮಾತ್ರ ಒಡೆಯದೆ, ಬಣ್ಣ ಕೊಂಚ ಕಪ್ಪಾಗಿಯೋ ಕೆಸರಾಗಿಯೋ, ಶಾಂತವಾಗಿ ಕಾಣುತ್ತದೆ. ಹೊಸಬರು ತೆರೆಯಿಲ್ಲದ ಆ ಸ್ಥಳವನ್ನೇ ಕ್ಷೇಮವೆಂದು ಆರಿಸಿಕೊಂಡು ಇಳಿಯುತ್ತಾರೆ. ದಡದ ರಕ್ಷಕನು ಬೇಡವೆಂದರೆ ಅವನೊಡನೆ ವಾದಿಸುವ ವಿದ್ಯಾವಂತರನ್ನು ನಾವು ಕಂಡಿದ್ದೇವೆ. ಅವನು ಆ ನೀರನ್ನು ಪ್ರತಿದಿನವೂ ಓದುವವನು.

ಭಟ್ಕಳವನ್ನು ದಾಟಿ ದಕ್ಷಿಣಕ್ಕೆ ಬಂದರೆ ಮರವಂತೆ. ಹೆದ್ದಾರಿಯ ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ. ಮೋಟಾರನ್ನು ನಿಲ್ಲಿಸಿ ನೋಡತಕ್ಕ ಸ್ಥಳ, ಈಜತಕ್ಕ ಸ್ಥಳವಲ್ಲ. ಕಡಲ್ಕೊರೆತಕ್ಕೆ ಅಂಜಿ ಅಲ್ಲಿ ಕಲ್ಲುಗಳನ್ನು ರಾಶಿ ಹಾಕಿದ್ದಾರೆ.

ಉಡುಪಿಗೆ ಹತ್ತಿರದ ಮಲ್ಪೆ ನಾಡಿನ ದೊಡ್ಡ ಮೀನುಗಾರಿಕೆಯ ಬಂದರು. ಅಲ್ಲಿಂದ ದೋಣಿಯಲ್ಲಿ ಹೋಗಬಹುದಾದ ಸಂತ ಮೇರಿಯ ದ್ವೀಪಗಳಿಗೆ ಒಂದು ದಿನವನ್ನು ಮೀಸಲಿಡಿರೆಂದು ಶ್ರೋತೃಗಳನ್ನು ಒತ್ತಾಯಪಡಿಸುತ್ತೇವೆ. ಅಲ್ಲಿ ಮರಳು ಕಡಿಮೆ, ಚಿಪ್ಪು ಹೆಚ್ಚು, ವಿಶೇಷವಿರುವುದು ಕಲ್ಲಿನಲ್ಲಿ. ಬಡಗಿ ಕೊರೆದಿಟ್ಟಂತೆ ಐದು, ಆರು ಮೂಲೆಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿದ ಲಾವಾರಸ ತಣಿಯುವಾಗ ಕುಗ್ಗಿ ಬಿರಿದು ಈ ಆಕಾರ ತಾಳಿತು. ಕೆರೆಯ ಮಣ್ಣು ಒಣಗಿದಾಗ ಬಿರುಕು ಬಿಡುವುದನ್ನು ಕಂಡವರಿಗೆ ಇದರ ಬಗೆ ತಿಳಿದೀತು. ಆ ಕಾಲದಲ್ಲಿಯೇ ಮಡಗಾಸ್ಕರವು ಭರತಖಂಡದಿಂದ ಬೇರ್ಪಟ್ಟಿತು. ಈ ಶಿಲೆಗಳು ಆ ಅಗಲಿಕೆಯ ಸಾಕ್ಷಿಗಳೆಂದು ಭೂವಿಜ್ಞಾನಿಗಳು ಎಣಿಸುತ್ತಾರೆ. ಆ ಕಂಬಗಳ ಮೇಲೆ ಕುಳಿತು ಪಡುವಣಕ್ಕೆ ನೋಡುವಾಗ, ಕಡಲಿನಾಚೆಯ ಆ ದೇಶವು ಒಮ್ಮೆ ಇಲ್ಲಿಗೇ ಅಂಟಿಕೊಂಡಿತ್ತೆಂಬ ಭಾವನೆ ಬಂದು ಮಾತು ನಿಂತುಹೋಗುತ್ತದೆ. ಕಲ್ಲಿನ ಅಂಚುಗಳು ಹರಿತವಾಗಿರುವುದರಿಂದ ಅಲ್ಲಿ ಈಜುವುದು ಸಲ್ಲದು. ಮಳೆಗಾಲದಲ್ಲಿ ದೋಣಿಗಳೂ ಹೋಗುವುದಿಲ್ಲ.

ಕಾಪುವಿನಲ್ಲಿ 1901ರ ದೀಪಸ್ತಂಭವೊಂದು ಕಡಲಂಚಿನ ಬಂಡೆಯ ಮೇಲೆ ನಿಂತಿದೆ; ಸೂರ್ಯಾಸ್ತಕ್ಕೆ ಅರ್ಧಗಂಟೆ ಮೊದಲು ಹೋಗಬೇಕು. ಮಂಗಳೂರಿನ ಪಣಂಬೂರು, ತಣ್ಣೀರುಬಾವಿಗಳು ಪೇಟೆಯವರ ಸಂಜೆಯ ತೀರಗಳು, ಭಾನುವಾರ ಜನವೋ ಜನ. ನೇತ್ರಾವತಿಯಾಚೆಯ ಉಳ್ಳಾಲದ ಕಥೆ ಬೇರೆ. ಅಲ್ಲಿ ದಶಕಗಳಿಂದ ಕಡಲು ನೆಲವನ್ನು ತಿನ್ನುತ್ತ ಬಂದು, ಮನೆಗಳನ್ನೂ ತೆಂಗಿನ ಮರಗಳನ್ನೂ ನುಂಗಿದೆ. ಒಂದು ಕಡೆ ಕಲ್ಲಿನ ಗೋಡೆ ಕಟ್ಟಿದರೆ ತೆರೆ ಅದಕ್ಕೆ ಬಡಿದು ಬುಡದ ಮರಳನ್ನೇ ಕೆದಕುತ್ತದೆ, ದಡದುದ್ದಕ್ಕೂ ಸಾಗಬೇಕಾದ ಮರಳು ತಡೆಯಾಗಿ ಪಕ್ಕದ ಊರಿಗೆ ಕೊರತೆಯಾಗುತ್ತದೆ. ನಮಗೆ ಎರಡು ದಿನದ ವಿಹಾರವಾದ ಮರಳು ಅಲ್ಲಿಯವರಿಗೆ ಮನೆಯ ಅಂಗಳ.

ಮಳೆಗಾಲದಲ್ಲಿಯೇ ಕಡಲನ್ನು ನೋಡಬೇಕೆಂಬ ಹಟವುಳ್ಳವರು ನೂಲುಹುಣ್ಣಿಮೆಯ ದಿನ ಮಂಗಳೂರಿನಲ್ಲಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನು ಹಿಡಿಯಲು ನಿಷೇಧವುಂಟು. ನೂಲುಹುಣ್ಣಿಮೆಯಂದು ಮೊಗವೀರರು ತಣ್ಣೀರುಬಾವಿಯ ತೀರಕ್ಕೆ ಮೆರವಣಿಗೆಯಲ್ಲಿ ಬಂದು, ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಮರಳ ಮೇಲೆ ನಿಂತು ಅದನ್ನು ನೋಡಬಹುದು. ನೀರಿಗಿಳಿಯಲು ಮಾತ್ರ ಕಾರ್ತಿಕದ ತನಕ ಕಾಯಬೇಕು.