ಸೇಡಂ ರಸ್ತೆಯ ದವಾಖಾನಿಗೆ ಯಾರು ಕಳಿಸಬೇಕು?

ಇವತ್ತು ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಈ ವರ್ಷ, ಅಂದರೆ 2024ರಲ್ಲಿ, ಅದರ ವಿಷಯವೇ ಕೆಲಸದ ಜಾಗ. ನನ್ನ ಜೊತೆ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿ ಸೇರಿದವರು ಬೆಳಗ್ಗೆಯಿಂದ ಯೋಗದ ಫೋಟೊ ಕಳಿಸ್ತಾ ಇದ್ದಾರೆ. ಕಳಿಸಲಿ ಬಿಡಿ. ನಾನು ಕಲಬುರಗಿಯ ಮಾತು ಹೇಳ್ತೀನಿ.

ಅಲ್ಲಿನ ತೊಗರಿಬೇಳೆ ಮಿಲ್ ಮಾಲೀಕರೊಬ್ಬರ ಹತ್ತಿರ ಮೊನ್ನೆ ಈ ವಿಷಯ ತೆಗೆದೆ. ನಕ್ಕುಬಿಟ್ಟರು. "ಏನ್ರೀ, ಮಿಲ್‌ನ್ಯಾಗ ಹುಚ್ಚರ ದವಾಖಾನಿ ತೆಗೀಬೇಕೇನು?"

ತೆಗೆಯೋದು ಬೇಡ, ದವಾಖಾನಿ ಸೇಡಂ ರಸ್ತೆಯಲ್ಲಿ ಆಗಲೇ ಇದೆ ಅಂದೆ. ಇಎಸ್‌ಐಸಿ ವೈದ್ಯಕೀಯ ಕಾಲೇಜಿನ ಆ ದೊಡ್ಡ ಕಟ್ಟಡ ನೋಡದವರು ಊರಲ್ಲಿ ಯಾರಿದ್ದಾರೆ? ಕೈ ಮುರಿದರೆ ಅಲ್ಲಿಗೆ ಹೋಗಬೇಕು ಅಂತ ಕಾರ್ಮಿಕರಿಗೆ ಗೊತ್ತು. ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದೇ ಕಾರ್ಡ್ ಹಿಡಿದು ಮನೋವೈದ್ಯರ ಹತ್ತಿರ ಹೋಗಬಹುದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾಲೀಕರಿಗೂ ಗೊತ್ತಿಲ್ಲ.

ಲೆಕ್ಕ ನೋಡಿ. ಕಮಲಾಪುರದಿಂದ ದಿನಾ ಬಸ್ಸಿಗೆ ಬರುವ ಹುಡುಗನೊಬ್ಬ, ಸಂಬಳ 15,000 ಅಂದುಕೊಳ್ಳಿ. 21,000 ರೂಪಾಯಿಯೊಳಗೆ ಇರೋದರಿಂದ ಅವನು ಇಎಸ್‌ಐ ವ್ಯಾಪ್ತಿಗೆ ಬರ್ತಾನೆ. ಅವನ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಎರಡೂ ಸೇರಿ ತಿಂಗಳಿಗೆ ಸುಮಾರು 600 ರೂಪಾಯಿ. ಇದು ಸರಿಯಾಗಿ ಕಟ್ಟಿದ್ದರೆ, ಡಾಕ್ಟರು ವಿಶ್ರಾಂತಿ ಬರೆದುಕೊಟ್ಟಾಗ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ಕೂಲಿ ಇಎಸ್‌ಐನಿಂದಲೇ ಸಿಗುತ್ತೆ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯಾದರೆ, ಎರಡು ವರ್ಷ ಸತತವಾಗಿ ವಿಮೆಯಲ್ಲಿದ್ದವನಿಗೆ ಶೇ. 80ರಷ್ಟು, ಎರಡು ವರ್ಷದವರೆಗೂ ಸಿಗಬಹುದು. ಆ ಸವಲತ್ತು ಪಡೆಯುತ್ತಿರುವಾಗ ಅವನನ್ನು ಕೆಲಸದಿಂದ ತೆಗೆಯೋ ಹಾಗಿಲ್ಲ. 1948ರ ಇಎಸ್‌ಐ ಕಾಯ್ದೆಯ 73ನೇ ಕಲಂ ಅದನ್ನೇ ಹೇಳೋದು.

ಇಷ್ಟೆಲ್ಲ ಇದ್ದೂ ಹುಡುಗ ಯಾಕೆ ಹೋಗಲ್ಲ? ಅವನ ಹೆಸರೇ ಹಾಜರಿ ಪುಸ್ತಕದಲ್ಲಿ ಇರಲ್ಲ. "ಅವ ಗುತ್ತೇದಾರನ ಆಳ್ರಿ" ಅಂತಾರೆ. ಗುತ್ತಿಗೆ ಆಳಿನ ಇಎಸ್‌ಐ ಕಟ್ಟಿಸೋ ಹೊಣೆ ಕೊನೆಗೆ ಮುಖ್ಯ ಮಾಲೀಕರದ್ದೇ. ಹೆಸರಿದ್ದರೂ ಇನ್ನೊಂದು ಭಯ. ರಜೆ ಚೀಟಿ ನೋಡಿದ ಸೂಪರ್‌ವೈಸರ್ ನಾಲ್ಕು ಜನರ ಮುಂದೆ "ತಲಿ ಕೆಟ್ಟದೇನು?" ಅಂದುಬಿಟ್ಟರೆ? ಒಂದೇ ಮಾತು ಸಾಕು, ಮಿಲ್‌ನಲ್ಲಿ ಮತ್ತ್ಯಾರೂ ಬಾಯಿ ಬಿಡಲ್ಲ. ಹಾಗಾಗಿ ತರಬೇತಿ ಮೊದಲು ಬೇಕಿರೋದು ಸೂಪರ್‌ವೈಸರ್‌ಗೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲೂ ಮೇಲ್ವಿಚಾರಕರ ತರಬೇತಿಗೆ ಜಾಗ ಇದೆ. ಸದಾ ನಗ್ತಿದ್ದವನು ಮೂರು ವಾರದಿಂದ ಊಟದ ಡಬ್ಬಿ ಬಿಚ್ಚದೆ ಕೂತಿದ್ದಾನೆ ಅಂದರೆ ಪಕ್ಕಕ್ಕೆ ಕರೆದು ಕೇಳಬೇಕು. ಕಾಯಿಲೆ ಯಾವುದು ಅಂತ ಕಂಡುಹಿಡಿಯೋದು ಡಾಕ್ಟರ ಕೆಲಸ. ಗೊತ್ತಾದದ್ದನ್ನು ಊರಿಗೆಲ್ಲ ಹೇಳಬಾರದು.

ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ಕಿಲ್ನ್ ಒಳಗಿನ ಇಟ್ಟಿಗೆ ಸವೆದರೆ ಉತ್ಪಾದನೆ ನಿಲ್ಲಿಸಿ ಶಟ್‌ಡೌನ್ ತಗೋತಾರೆ. ಯಾರೂ ಕಿಲ್ನ್‌ಗೆ ಸೋಮಾರಿ ಅನ್ನಲ್ಲ. ಹೊಸ ತೊಗರಿ ಮಾರುಕಟ್ಟೆಗೆ ಬಂದಾಗ ರಾತ್ರಿ ಪಾಳಿಯ ಮೇಲೆ ರಾತ್ರಿ ಪಾಳಿ ಮಾಡಿದವನಿಗೆ ಮಾತ್ರ ಒಂದು ವಾರ ರಜೆ ಕೊಡಲು ನಮಗೆ ಕೈ ಬರಲ್ಲ.

ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಹಾಜರಿ ಪುಸ್ತಕದ ಪಕ್ಕದ ಗೋಡೆಗೆ ದೊಡ್ಡದಾಗಿ ಬರೆಸಿ ಅಂತ ಆ ಮಾಲೀಕರಿಗೆ ಹೇಳಿದೆ. ಮೊಬೈಲ್ ತೆಗೆದು ಬರೆದುಕೊಂಡರು. ಈ ಸಲ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ದನಿ ಇಳಿಸಿ ಕೇಳಿದರು:

"ಇದಕ್ಕ ಮಾಲಕರೂ ಫೋನ್ ಹಚ್ಚಬಹುದೇನ್ರಿ?"

ಹಚ್ಚಬಹುದು ಅಂದೆ.